ಮೂರು ಮೋಟಾರು, ಐದು ಬಾಟಲಿ ಹಸಿರು ನೀರು

“ಈ ಯುಗಾದಿಗೆ ಅಂಗಡಿ ಬಂದ್ ಮಾಡ್ತೀನವಾ. ಮೂರು ಮೋಟಾರ ಉಳದಾವ, ಅವನ್ನ ಮುಟ್ಟಿಸಿ ಬರೂಣ. ನೀನೂ ಬಾ.”

ಅಪ್ಪ ಫೋನಿನಲ್ಲಿ ಇಷ್ಟೇ ಹೇಳಿದ್ದು. ಇಂಡಿ ಪೇಟೆಯಲ್ಲಿ ಅವನದು ಮೋಟಾರ್ ರಿವೈಂಡಿಂಗ್ ಅಂಗಡಿ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಬಾವಿ, ಬೋರ್‌ವೆಲ್ ಪಂಪ್‌ಸೆಟ್ಟು ಸುಟ್ಟಾಗ ಅದನ್ನು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಮತ್ತೆ ಕೂಡಿಸಿ ಕೊಡುವ ಕೆಲಸ. ಇಂಡಿ ಅಂದರೆ ಲಿಂಬೆ. ಲಿಂಬೆ ಅಂದರೆ ಬೋರ್‌ವೆಲ್. ಬೋರ್‌ವೆಲ್ ಅಂದರೆ ಏರಿಳಿಯುವ ಕರೆಂಟು. ಮೋಟಾರು ಸುಡುವುದು ನಿಲ್ಲಲಿಲ್ಲ, ನಮ್ಮ ಮನೆಯ ಒಲೆ ಆರಲಿಲ್ಲ. ನಾನು ಓದಿದ್ದೂ ಆ ದುಡ್ಡಿನಲ್ಲೇ. ಈಗ ಅಪ್ಪನ ಕಣ್ಣಿಗೆ ಸಣ್ಣ ತಂತಿ ಕಾಣುವುದಿಲ್ಲ. ಬೆರಳೂ ನಡುಗುತ್ತವೆ.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇದ್ದೇನೆ. ಏಳು ವರ್ಷದಿಂದ ಒಂದೇ ವಿಷಯ: ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾ, ಬಿಸಿಲು ಹಿಡಿಯುವ ತನ್ನ ಪ್ರೋಟೀನು ಯಂತ್ರವನ್ನು ಹೇಗೆ ಜೋಡಿಸಿಕೊಳ್ಳುತ್ತದೆ ಎಂಬುದು. ಅಪ್ಪ ಕೇಳಿದಾಗಲೆಲ್ಲ “ಪಾಚಿ ಮ್ಯಾಲ ರಿಸರ್ಚ್ ಅಪ್ಪಾ” ಎಂದು ಮುಗಿಸಿಬಿಡುತ್ತಿದ್ದೆ. ಅವನೂ ಗಿರಾಕಿಗಳಿಗೆ “ನಮ್ಮ ಹುಡುಗಿ ಬೆಂಗಳೂರಾಗ ಪಾಚಿ ಬಳೀತಾಳ” ಎಂದು ಹೇಳಿ ನಗುತ್ತಿದ್ದ. ಆ ನಗೆಯಲ್ಲಿ ಒಂದು ಚೂರು ಬೇಸರ ಇತ್ತು. ಮಗಳು ಏನು ಮಾಡುತ್ತಾಳೆ ಅಂತ ಗೊತ್ತಿಲ್ಲದ ಬೇಸರ. ನನಗದು ಗೊತ್ತಿದ್ದೂ ಸುಮ್ಮನಿದ್ದೆ.

ಹೊರಡುವಾಗ ಬ್ಯಾಗಿನಲ್ಲಿ ಐದು ಖಾಲಿ ಬಾಟಲಿ ಇಟ್ಟುಕೊಂಡೆ. ಅದಕ್ಕೊಂದು ಕಾರಣವಿದೆ. ಜಗತ್ತಿನ ಬಹಳಷ್ಟು ಲ್ಯಾಬುಗಳಲ್ಲಿ ಬೆಳೆಸುವ ಸಯನೋಬ್ಯಾಕ್ಟೀರಿಯಾದ ಮನೆತನ ಒಂದೇ. 1968ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಿಹಿನೀರಿನ ಕೆರೆಯಿಂದ ತಂದ ‘ಸಿನೆಕೋಸಿಸ್ಟಿಸ್ 6803’ ಅದು. ಅದರ ಪೂರ್ತಿ ವಂಶಲಿಪಿಯನ್ನು 1996ರಲ್ಲಿ ಜಪಾನಿನವರು ಓದಿದರು. ದ್ಯುತಿಸಂಶ್ಲೇಷಣೆ ಮಾಡುವ ಜೀವಿಗಳಲ್ಲಿ ಮೊದಲು ಪೂರ್ತಿ ಓದಿದ್ದು ಅದನ್ನೇ. ಒಳ್ಳೆಯ ಜೀವಿ, ಹೇಳಿದ ಮಾತು ಕೇಳುತ್ತದೆ. ಆದರೆ 2018ರಲ್ಲಿ ಮುಂಬೈನ ಐಐಟಿಯವರು ತಮ್ಮ ಬಗಲಲ್ಲೇ ಇದ್ದ ಪೊವಾಯಿ ಕೆರೆಯಿಂದ ಒಂದು ಜಾತಿ ಹಿಡಿದರು. ಅದು ಎರಡು ಚಿಲ್ಲರೆ ಗಂಟೆಯಲ್ಲಿ ಒಂದಿದ್ದದ್ದು ಎರಡಾಗುತ್ತದೆ. ಪೊವಾಯಿಯಲ್ಲಿ ಅಂಥದ್ದು ಸಿಕ್ಕರೆ, ಉರಿಬಿಸಿಲಿನ ನಮ್ಮ ವಿಜಯಪುರ ಜಿಲ್ಲೆಯ ನೀರಲ್ಲಿ ಯಾರು ಕೂತಿದ್ದಾರೋ! ಇದು ಲ್ಯಾಬಿನವರು ಹೇಳಿದ ಕೆಲಸವಲ್ಲ. ನನ್ನದೇ ಹುಚ್ಚು.

ಮೊದಲನೇ ಬಾಟಲಿ ಇಂಡಿಯಲ್ಲೇ ತುಂಬಿತು. ಕಾಕಾನ ಲಿಂಬೆ ತೋಟದ ತೊಟ್ಟಿ, ಅಂಚಿಗೆ ಕೈ ಇಟ್ಟರೆ ಜಾರುವ ಹಸಿರು. ಕಾಕಾ ಎರಡು ಲಿಂಬೆ ಕಿತ್ತು ಕೊಟ್ಟ. ಈಗ ಇಂಡಿ ಲಿಂಬೆಗೆ ಜಿಐ ಮುದ್ರೆ ಬಿದ್ದಿದೆ, ಪುಣೆ-ಮುಂಬೈ ಗೆಳೆಯರ ಮುಂದೆ ಕಾಲರ್ ಎತ್ತಬಹುದು. ರಸ ಹಿಂಡಿದರೆ ಕೈ ಎರಡು ದಿನ ಘಮ ಬಿಡುವುದಿಲ್ಲ.

ಬಾಡಿಗೆಯ ಟಾಟಾ ಏಸ್‌ನ ಹಿಂದೆ ಮೂರು ಮೋಟಾರು. ಮುಂದೆ ಡ್ರೈವರ್, ಅಪ್ಪ, ನಾನು, ಕಾಲ ಬಳಿ ಅವ್ವ ಕಟ್ಟಿಕೊಟ್ಟ ಬುತ್ತಿ. ಸಿಂದಗಿ ರಸ್ತೆಗೆ ಬಿದ್ದಾಗ ಇನ್ನೂ ಬೆಳಗಿನ ಎಂಟು, ಆಗಲೇ ಕಿಟಕಿ ಕಬ್ಬಿಣ ಕಾದಿತ್ತು. ಹಿಂಗಾರಿ ಜೋಳ ಕೊಯ್ದಾಗಿತ್ತು. ಎರಡೂ ಕಡೆ ಕರಿಮಣ್ಣು, ಬಾಯಿಬಿಟ್ಟ ಬಿರುಕು, ಅಲ್ಲಲ್ಲಿ ಕಣಿಕೆಯ ಬಣವೆ. ನೆರಳು ಅನ್ನುವುದು ಬೇವಿನ ಮರದ ಕೆಳಗೆ ಮಾತ್ರ ಸಿಗುವ ವಸ್ತು.

ಸಿಂದಗಿ ಹತ್ತಿರದ ಒಂದು ಹೊಲದಲ್ಲಿ ಮೊದಲ ಮೋಟಾರು ಇಳಿಸಿದೆವು. ಹೊಲದ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಅದರ ನೀರು ಥೇಟ್ ಹೆಸರುಕಾಳು ರುಬ್ಬಿದಂತೆ. ನಾನು ಹೊಂಡಕ್ಕೆ ಬಗ್ಗಿ ಬಾಟಲಿ ತುಂಬುವುದನ್ನು ನೋಡಿ ಹೊಲದ ಯಜಮಾನರು ಕೇಳಿದರು, “ಏನವಾ ತಂಗಿ, ಈ ನೀರಿಗೂ ರೇಟ್ ಬಂತೇನು?”

ಅವರಿಗೆ ಒಂದು ಮಾತು ಹೇಳಿದೆ. ಇಲ್ಲಿ ನಿಮಗೂ ಹೇಳಿಬಿಡುತ್ತೇನೆ. ನಿಂತ ನೀರಿನ ಮೇಲೆ ಬಣ್ಣ ಚೆಲ್ಲಿದಂತೆ ಹಸಿರು ಕೆನೆ ಕಟ್ಟಿದ್ದರೆ ದನಕ್ಕೆ ಕುಡಿಸಬೇಡಿ. ಈ ಕುಲದ ಕೆಲವು ಜಾತಿಗಳು ಲಿವರ್ ಕೆಡಿಸುವ ವಿಷ ಬಿಡುತ್ತವೆ, ಕುದಿಸಿದರೂ ಹೋಗದ ವಿಷ. ಅಂಗಡಿಯಲ್ಲಿ ಮಾತ್ರೆಯಾಗಿ ಸಿಗುವ ಸ್ಪಿರುಲಿನಾ ಸಹ ಸಯನೋಬ್ಯಾಕ್ಟೀರಿಯಾವೇ. ಮೈಸೂರಿನ ಸಿಎಫ್‌ಟಿಆರ್‌ಐ ಅದನ್ನು ಆಹಾರವಾಗಿ ಬೆಳೆಸುವ ಬಗ್ಗೆ ದಶಕಗಳ ಹಿಂದೆಯೇ ಕೆಲಸ ಮಾಡಿದೆ. ಆದರೆ ಒಂದೇ ಕುಲ ಅಂತ ಹೊಂಡದ್ದನ್ನು ಬಾಯಿಗೆ ಹಾಕುವುದಲ್ಲ. ಯಜಮಾನರು ಅರ್ಧ ಬಾಕಿ ಕೊಟ್ಟರು, ಉಳಿದರ್ಧಕ್ಕೆ ಒಂದು ಚೀಲ ತೊಗರಿ.

ದೇವರಹಿಪ್ಪರಗಿಯಲ್ಲಿ ಚಹಾ. ಮಡಿವಾಳ ಮಾಚಿದೇವರ ಊರಿದು. ಬಟ್ಟೆ ಒಗೆಯುತ್ತ ಶರಣನಾದವನ ಊರಿನಲ್ಲಿ ಅಪ್ಪನ ಅಂಗಿಯ ಮೇಲಿನ ಗ್ರೀಸ್ ಕಲೆ ಇನ್ನಷ್ಟು ಎದ್ದು ಕಂಡಿತು. ಅಲ್ಲಿಂದ ಬಾಗೇವಾಡಿಗೆ ಹೋಗುವ ದಾರಿಯಲ್ಲಿ ಡೋಣಿ ನದಿ ದಾಟಬೇಕು. “ಡೋಣಿ ಹರಿದರ ಓಣೆಲ್ಲ ಜೋಳ” ಅಂತಾರೆ ನಮ್ಮ ಕಡೆ. ಬೇಸಿಗೆಯಲ್ಲಿ ಅದು ಹರಿಯುವುದಕ್ಕಿಂತ ಮಲಗಿರುವುದೇ ಹೆಚ್ಚು. ನೀರು ಉಪ್ಪು. ದಂಡೆಯ ಮಣ್ಣಿನ ಮೇಲೆ ಬಿಳಿ ಪೊರೆ, ಆ ಪೊರೆಯ ಅಂಚಿಗೆ ಕಪ್ಪು-ಹಸಿರು ಸಿಪ್ಪೆ.

ಆ ಸಿಪ್ಪೆಯನ್ನೇ ಕೆರೆದು ಮೂರನೇ ಬಾಟಲಿಗೆ ಹಾಕಿದೆ. ಇಂಥ ಉಪ್ಪು-ಚೌಳು ನೆಲದಲ್ಲಿ ಬದುಕುವ ನೀಲಿ-ಹಸಿರು ಪಾಚಿಯಿಂದ ನೆಲವನ್ನೇ ಸುಧಾರಿಸಬಹುದು ಎಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆರ್.ಎನ್. ಸಿಂಗ್ 1950ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಅವರು ನೋಡಿದ್ದು ಉತ್ತರ ಪ್ರದೇಶದ ಊಸರ ಭೂಮಿ. ನಮ್ಮ ಡೋಣಿಯನ್ನು ನೋಡಿದ್ದರೆ ಏನೆನ್ನುತ್ತಿದ್ದರೋ.

ಸೇತುವೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಅಪ್ಪ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಕಣ್ಣು ಕಿರಿದು ಮಾಡಿ, ಸುಟ್ಟ ಕಾಯಿಲ್ ನೋಡುವ ಹಾಗೆಯೇ.

“ಇದರಾಗ ನೀ ನೋಡೂದ ಏನು? ಇವತ್ತ ಬರೋಬ್ಬರಿ ಹೇಳಬೇಕು.”

ಏಳು ವರ್ಷದಲ್ಲಿ ಎಷ್ಟೋ ಸ್ಲೈಡ್ ಮಾಡಿದ್ದೇನೆ. ಒಂದೂ ನೆನಪಿಗೆ ಬರಲಿಲ್ಲ. ಹಿಂದೆ ಗಾಡಿಯಲ್ಲಿದ್ದ ಮೋಟಾರು ಕಂಡಿತು. ಅಲ್ಲಿಂದಲೇ ಶುರು ಮಾಡಿದೆ.

ಈ ಪಾಚಿಯ ಒಂದೊಂದು ಕಣದೊಳಗೂ ಬಿಸಿಲಿನಿಂದ ಓಡುವ ಮೋಟಾರುಗಳಿವೆ ಅಪ್ಪಾ. ಅದರ ಹೆಸರು ಫೋಟೋಸಿಸ್ಟಂ-2. ಬೆಳಕಿನ ಬಲದಿಂದ ನೀರನ್ನು ಒಡೆಯುತ್ತದೆ, ಒಡೆದಾಗ ಆಮ್ಲಜನಕ ಹೊರಗೆ ಬರುತ್ತದೆ. ನಾವು ಉಸಿರಾಡುತ್ತಿರುವುದು ಅದನ್ನೇ. ಸುಮಾರು 20 ಪ್ರೋಟೀನು ಬಿಡಿಭಾಗ, 35 ಕ್ಲೋರೋಫಿಲ್, ನಡುವೆ ನೀರು ಒಡೆಯುವ ಜಾಗದಲ್ಲಿ ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ. ಇಂಥ ಎರಡು ಮೋಟಾರು ಜೋಡಿಯಾಗಿ ಕೂತಿರುತ್ತವೆ. 2011ರಲ್ಲಿ ಜಪಾನಿನ ವಿಜ್ಞಾನಿಗಳು ಬಿಸಿನೀರಿನ ಬುಗ್ಗೆಯ ಒಂದು ಸಯನೋಬ್ಯಾಕ್ಟೀರಿಯಾದಿಂದ ಇದನ್ನು ತೆಗೆದು, ಯಾವ ಪರಮಾಣು ಎಲ್ಲಿದೆ ಎಂಬಷ್ಟು ಸ್ಪಷ್ಟವಾಗಿ ಅದರ ನಕ್ಷೆ ಬಿಡಿಸಿದರು.

“ಮತ್ತ ನಿನ್ನ ಕೆಲಸ?”

ನಕ್ಷೆ ಇದೆ, ಸರಿ. ಆದರೆ ಬಿಡಿಭಾಗ ಯಾವುದಾದ ಮೇಲೆ ಯಾವುದು ಕೂಡುತ್ತದೆ, ಯಾರು ಕೂಡಿಸುತ್ತಾರೆ, ಅದು ನನ್ನ ಕೆಲಸ. ಮೊದಲು ಡಿ1, ಡಿ2 ಎಂಬ ಎರಡು ಪ್ರೋಟೀನು ಸೇರಿ ನಡುವಿನ ಚೌಕಟ್ಟು ಆಗುತ್ತದೆ. ಡಿ1 ಹುಟ್ಟುವಾಗ ಅದಕ್ಕೊಂದು ಬಾಲ ಇರುತ್ತದೆ. ಜಾಗಕ್ಕೆ ಕೂತ ಮೇಲೆ ಬಾಲ ಕತ್ತರಿಸಲು ಒಬ್ಬ ಆಳು. ಆಮೇಲೆ ಸಿಪಿ47, ಅದಾದ ಮೇಲೆ ಸಿಪಿ43. ಹೆಸರಿಗೆ ಹೆದರಬೇಡಿ, ಬೇರಿಂಗ್ ನಂಬರ್ ಇದ್ದಹಾಗೆ. ಈ ಸಿಪಿ43 ಬರುವಾಗ ಪಿಎಸ್‌ಬಿ27 ಎಂಬ ಸಣ್ಣ ಸಹಾಯಕ ಅದಕ್ಕೆ ಅಂಟಿರುತ್ತದೆ. ಇದನ್ನು 2011ರಲ್ಲಿ ತೋರಿಸಿದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ಹಿಮಾದ್ರಿ ಪಕ್ರಾಸಿ ಅವರ ತಂಡ. ಕೆಲಸ ಮುಗಿದ ಮೋಟಾರಿನಲ್ಲಿ ಈ ಸಹಾಯಕ ಕಾಣುವುದಿಲ್ಲ. ಕೂಡಿಸಿದ, ಹೋದ.

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದ. “ಅಂದ್ರ ಮೇಸ್ತ್ರಿ ಹೆಸರು ಬಿಲ್ಲಿನ್ಯಾಗ ಇರೂದಿಲ್ಲ ಅನ್ನು.”

ಇರುವುದಿಲ್ಲ. ಅವನ ಮೋಟಾರುಗಳ ಮೇಲೆ ಕಂಪನಿಯ ಹೆಸರಷ್ಟೇ ಇತ್ತು, ಇಷ್ಟು ವರ್ಷ.

ಬಸವನ ಬಾಗೇವಾಡಿ ಮುಟ್ಟಿದಾಗ ಮಧ್ಯಾಹ್ನದ ಎರಡು. ಎರಡನೇ ಮೋಟಾರು ಕೊಟ್ಟು, ದುಡ್ಡು ಪೂರ್ತಿ ಬಂತು, ಬಸವಣ್ಣನ ಗುಡಿಗೆ ಹೋಗಿ ಬಂದೆವು. ಕಾಯಕದ ಊರಿಗೆ ಬಂದು ಅಂಗಡಿ ಮುಚ್ಚುವ ಮಾತಾಡುವುದು ಅಪ್ಪನಿಗೆ ಸರಿ ಕಾಣಲಿಲ್ಲವೋ ಏನೋ, ಅಲ್ಲಿ ಅವನು ಆ ವಿಷಯ ತೆಗೆಯಲೇ ಇಲ್ಲ. ಊರಲ್ಲಿ ಪಾಚಿ ಹುಡುಕಲು ನಾನೂ ಹೋಗಲಿಲ್ಲ. ಬಿಸಿಲು ಹೊಡೆಯುತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಅರ್ಧ ತಾಸು ಸುಮ್ಮನೆ ಕೂತೆವು.

ಈ ಅರ್ಧ ತಾಸಿನ ಮಾತನ್ನು ಇಲ್ಲೇ ಹೇಳಬೇಕು. ಅಂಥ ಬಿಸಿಲಿನಲ್ಲಿ ಡಿ1 ಪ್ರೋಟೀನು ಬದುಕುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಬೆಳಕು ಮೋಟಾರನ್ನು ಓಡಿಸುತ್ತದೆ, ಅದೇ ಬೆಳಕು ಸುಡುತ್ತದೆ. ಸುಟ್ಟಾಗ ಜೀವಕಣ ಇಡೀ ಮೋಟಾರನ್ನು ಬಿಸಾಡುವುದಿಲ್ಲ. ಸಿಪಿ43ನ್ನು ಬಗಲಿಗೆ ಸರಿಸುತ್ತದೆ, ಎಫ್‌ಟಿಎಸ್‌ಎಚ್ ಎಂಬ ಪ್ರೋಟೀನು ಹಾಳಾದ ಡಿ1ನ್ನು ಎಳೆದು ತುಂಡುಮಾಡುತ್ತದೆ, ಆ ಜಾಗಕ್ಕೆ ಹೊಸ ಡಿ1 ಬರುತ್ತದೆ, ಉಳಿದ ಭಾಗ ಅವೇ. ಕಾಯಿಲ್ ಬದಲು, ಬಾಡಿ ಅದೇ. ಇದು ಪಾಚಿಯ ಕಥೆ ಮಾತ್ರವಲ್ಲ. ಗಿಡಗಳ ಎಲೆಯೊಳಗಿನ ಹಸಿರು ಕಣಗಳು ಬಹಳ ಬಹಳ ಹಿಂದೆ ಒಳಗೆ ಸೇರಿಕೊಂಡ ಸಯನೋಬ್ಯಾಕ್ಟೀರಿಯಾದ ವಂಶ. ಕಾಕಾನ ಲಿಂಬೆ ಎಲೆಯಲ್ಲಿ, ಹೊಲದ ಜೋಳದಲ್ಲಿ, ಗುಡಿಯ ಮುಂದಿನ ಬೇವಿನಲ್ಲಿ ನಡುಹಗಲು ಇದೇ ರಿಪೇರಿ ನಡೆದಿರುತ್ತದೆ. ಸುಡುವ ವೇಗಕ್ಕೆ ರಿಪೇರಿಯ ವೇಗ ಸರಿಹೋದರೆ ಎಲೆ ಹಸಿರು ಕಾಣುತ್ತದೆ. ಹಿಂದೆ ಬಿದ್ದರೆ ಕೆಲಸ ಕುಸಿಯುತ್ತದೆ.

ಸಂಜೆಗೆ ಆಲಮಟ್ಟಿ. ಮೊದಲು ಬಾಗೇವಾಡಿ ತಾಲ್ಲೂಕಿನಲ್ಲಿತ್ತು, ಈಗ ನಿಡಗುಂದಿಗೆ ಸೇರಿದೆ. ಪ್ರವಾಸಿಗರೆಲ್ಲ ಉದ್ಯಾನದ ಕಡೆ ಹೋದರು, ನಾವು ಹಿನ್ನೀರಿನ ಅಂಚಿಗೆ. ನೀರು ಇಳಿದು ದಂಡೆಯುದ್ದಕ್ಕೂ ಒಡೆದ ಕೆಸರು, ಅದರಾಚೆ ಹಸಿರು ಪಟ್ಟಿ. ನಾಲ್ಕನೇ ಬಾಟಲಿ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಅಣೆಕಟ್ಟನ್ನು ನಾಡಿಗೆ ಅರ್ಪಿಸಿದ್ದು ಅಬ್ದುಲ್ ಕಲಾಂ, 2006ರ ಆಗಸ್ಟ್ 21ಕ್ಕೆ. 42 ವರ್ಷ. ನಡುವೆ ಎಷ್ಟು ಹಳ್ಳಿ ಎದ್ದವು, ಹಳೇ ಬಾಗಲಕೋಟೆಯ ಎಷ್ಟು ಓಣಿ ನೀರಿಗೆ ಹೋದವು, ಆ ಲೆಕ್ಕ ಆ ಕಡೆಯವರು ಇಂದಿಗೂ ಬಾಯಲ್ಲೇ ಹೇಳುತ್ತಾರೆ. ಕೆಳಗೆ 290 ಮೆಗಾವಾಟ್‌ನ ವಿದ್ಯುತ್ ಮನೆ. ಅಪ್ಪ ಅದರ ಕಡೆ ನೋಡುತ್ತ ನಿಂತಿದ್ದ.

“ಅರ್ಧ ಬಿಚ್ಚಿದ ಮೋಟಾರಿಗೆ ಕರೆಂಟ್ ಬಂದುಬಿಟ್ರ?” ಎಂದು ಥಟ್ಟನೆ ಕೇಳಿದ. ತಲೆಯಲ್ಲಿ ಮಧ್ಯಾಹ್ನದಿಂದ ಅದೇ ಓಡುತ್ತಿತ್ತು ಅಂತ ಕಾಣುತ್ತದೆ. “ನಾವು ಮೇನ್ ತಗದು ಕೆಲಸ ಮಾಡ್ತೀವಿ. ನಿಮ್ಮ ಪಾಚಿ ಸೂರ್ಯನ ಮೇನ್ ಹ್ಯಾಂಗ ತಗೀತದ?”

ನನಗೆ ಒಂದು ಕ್ಷಣ ಮಾತು ಬರಲಿಲ್ಲ. ಇದು ನಮ್ಮ ಕ್ಷೇತ್ರದ ಒಳ್ಳೆಯ ಪ್ರಶ್ನೆಗಳಲ್ಲಿ ಒಂದು. ಸೂರ್ಯನ ಮೇನ್ ತೆಗೆಯಲಾಗದು. ಅರ್ಧ ಜೋಡಿಸಿದ ಫೋಟೋಸಿಸ್ಟಂ ಮೇಲೂ ಬೆಳಕು ಬೀಳುತ್ತಲೇ ಇರುತ್ತದೆ, ಕ್ಲೋರೋಫಿಲ್ ಅದನ್ನು ಹಿಡಿಯುತ್ತಲೇ ಇರುತ್ತದೆ. ಆ ಶಕ್ತಿ ಹೋಗಲು ದಾರಿ ಇಲ್ಲದಿದ್ದರೆ ಆಮ್ಲಜನಕಕ್ಕೆ ತಾಗಿ ಸುತ್ತಲಿದ್ದದ್ದನ್ನೆಲ್ಲ ಸುಡುತ್ತದೆ. 2021ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದವರು ಮತ್ತು ಜೊತೆಗಾರರು ಅರ್ಧ ಜೋಡಿಸಿದ ಮೋಟಾರನ್ನೇ ಹಿಡಿದು ಚಿತ್ರ ತೆಗೆದರು. ಪಿಎಸ್‌ಬಿ28 ಎಂಬ ಇನ್ನೊಬ್ಬ ಸಹಾಯಕ ಅದರ ಮೇಲೆ ಕೂತು, ಎಲೆಕ್ಟ್ರಾನು ಹರಿಯುವ ದಾರಿಯ ಒಂದು ಮೂಲೆಯನ್ನೇ ಡೊಂಕು ಮಾಡಿತ್ತು. ಕೆಲಸ ಮುಗಿಯುವ ತನಕ ಪೂರ್ತಿ ಹರಿವು ಬೇಡ ಎಂದು.

“ಸಿರೀಸ್ ಬಲ್ಬ್!” ಅಂದ ಅಪ್ಪ.

ರಿವೈಂಡಿಂಗ್ ಅಂಗಡಿಗಳಲ್ಲಿ ನೋಡಿರುತ್ತೀರಿ. ಹೊಸದಾಗಿ ಸುತ್ತಿದ ಮೋಟಾರನ್ನು ನೇರ ಲೈನಿಗೆ ಕೊಡುವುದಿಲ್ಲ, ನಡುವೆ ಒಂದು ಬಲ್ಬು ಹಾಕುತ್ತಾರೆ. ಒಳಗೆ ತಪ್ಪಿದ್ದರೆ ಬಲ್ಬು ಉರಿಯುತ್ತದೆ, ಕಾಯಿಲ್ ಉಳಿಯುತ್ತದೆ. ಹೋಲಿಕೆ ಪೂರ್ತಿ ಸರಿ ಅಲ್ಲ, ಆದರೆ ನನ್ನ ಯಾವ ಸ್ಲೈಡಿಗಿಂತಲೂ ಹತ್ತಿರ. ಇನ್ನೊಂದು ಹೇಳಿದೆ: ಕೊನೆಯ ಹಂತದ ಮ್ಯಾಂಗನೀಸ್ ಜೋಡಣೆಯನ್ನು ಮಾಡುವುದು ಬೆಳಕೇ. ಆ ಹೊತ್ತಿಗೆ ಬೆಳಕು ಬೇಕೇ ಬೇಕು, ಅತಿಯಾದರೆ ಮೋಟಾರೇ ಹೋಗುತ್ತದೆ. ಅಪ್ಪ ತಲೆ ಹಾಕಿದ. ಆಮೇಲೆ, “ಸುಟ್ಟದ್ದು ಯಾವುದು ಅಂತ ಆ ಎಫ್‌ಟಿಎಸ್‌ಗೆ ಹ್ಯಾಂಗ ಗೊತ್ತಾಗ್ತದ? ನಾನು ವಾಸನಿ ಮ್ಯಾಲ ಹೇಳ್ತೀನಿ” ಎಂದ. ಇದಕ್ಕೆ ಜಗತ್ತಿನಲ್ಲಿ ಯಾರ ಬಳಿಯೂ ಇನ್ನೂ ಪೂರ್ತಿ ಉತ್ತರವಿಲ್ಲ ಎಂದೆ. ಅವನಿಗೆ ಆ ಉತ್ತರ ಯಾಕೋ ಬಹಳ ಖುಷಿ ಕೊಟ್ಟಿತು. ರಾತ್ರಿ ನಿಡಗುಂದಿಯ ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗ ಅದನ್ನೇ ಎಲ್ಲರಿಗೂ ಹೇಳಿದ. ಪಾಚಿ ಬಳಿಯುವ ಮಾತು ಬರಲಿಲ್ಲ.

ಮರುದಿನ ಮುದ್ದೇಬಿಹಾಳ. ಮೂರನೇ ಮೋಟಾರಿನವರ ಮನೆ ಊರ ಹೊರಗೆ ಹೊಲದಲ್ಲಿ. ಗಾಡಿ ನಿಂತಿದ್ದೇ ಹೆಣ್ಣುಮಗಳೊಬ್ಬರು ಹೊರಗೆ ಬಂದರು. ಮೋಟಾರು ನೋಡಿ ಸುಮ್ಮನೆ ನಿಂತರು.

“ಅಣ್ಣಾ, ಬೋರ್ ಬತ್ತಿ ಎರಡು ತಿಂಗಳಾತು. ಮಗ ದುಡಿಯಾಕ ಗೋವಾಕ್ಕ ಹೋಗ್ಯಾನ. ಇದನ್ನ ತಗೊಂಡು ನಾ ಏನ್ ಮಾಡ್ಲಿ?”

ಅಪ್ಪ ಬಾಕಿ ಕೇಳಲಿಲ್ಲ. ಅವರು ಕೊಟ್ಟ ಮಜ್ಜಿಗೆ ಕುಡಿದು, “ಇರ್ಲಿ ಬಿಡವಾ, ನೀರು ಬಂದಾಗ ಹೇಳು, ತಂದು ಕೊಡ್ತೀನಿ” ಎಂದು ಗಾಡಿ ತಿರುಗಿಸಲು ಹೇಳಿದ. ದಾರಿಯಲ್ಲಿ ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಅಪ್ಪ ಸುತ್ತಿದ ತಾಮ್ರ ಬೇಸಿಗೆಯ ಕಬ್ಬಿಣದೊಳಗೆ ಸುಮ್ಮನೆ ಹೊಳೆಯುತ್ತ ನಮ್ಮ ಹಿಂದೆಯೇ ಬಂತು.

ಕೊನೆಯ ಬಾಟಲಿಗೆ ತಂಗಡಗಿಗೆ ಹೋದೆವು. ಬಸವಣ್ಣನ ಮಡದಿ ನೀಲಾಂಬಿಕೆ ಐಕ್ಯಳಾದ ಜಾಗ ಅನ್ನುತ್ತಾರೆ, ಕೃಷ್ಣೆಯ ದಂಡೆ. ಹೊಳೆಯಾಚೆ ಕೂಡಲಸಂಗಮದ ಕಡೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಇಲ್ಲಿ ಸದ್ದಿಲ್ಲದೆ ನಿಂತಿರುತ್ತದೆ. ಮೆಟ್ಟಿಲ ಬಳಿ ನೀರೊಳಗಿನ ಕಲ್ಲಿಗೆ ಹಸಿರು ಗಡ್ಡ. ಅದನ್ನು ಕೆರೆದದ್ದು ಅಪ್ಪನೇ, ತನ್ನ ಇನ್ಸುಲೇಷನ್ ಪೇಪರ್ ಕತ್ತರಿಸುವ ಚೂರಿಯಿಂದ. ಬೆರಳು ನಡುಗುತ್ತಿದ್ದವು, ಆದರೂ ಬಾಟಲಿಯ ಬಾಯಿ ತಪ್ಪಲಿಲ್ಲ.

ನಾಲ್ಕು ಬಾಟಲಿ ಬೆಂಗಳೂರಿಗೆ ತಂದೆ. ಪೊವಾಯಿಯಂಥದ್ದು ಏನೂ ಸಿಗಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಎರಡರಲ್ಲಿ ಇದ್ದದ್ದು ಸಾಮಾನ್ಯ ಹಸಿರು ಪಾಚಿ, ಒಂದು ದಾರಿಯಲ್ಲೇ ಕೊಳೆತಿತ್ತು. ಡೋಣಿಯ ಸಿಪ್ಪೆಯಿಂದ ನೂಲಿನಂಥ ಒಂದು ಸಯನೋಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುತ್ತಿದೆ. ಬಹಳ ನಿಧಾನ.

ಐದನೆಯದು, ಸಿಂದಗಿ ಹೊಂಡದ್ದು, ಅಪ್ಪನ ಅಂಗಡಿಯ ಕಿಟಕಿಯಲ್ಲೇ ಮರೆತು ಬಂದಿದ್ದೆ. ಹದಿನೈದು ದಿನ ಬಿಟ್ಟು ಫೋನ್ ಬಂತು. “ನಿನ್ನ ಪಾಚಿ ಹಳದಿ ಆಗ್ಯದ. ಸತ್ತದೇನು?”

ಫೋಟೋ ಕಳಿಸಲು ಹೇಳಿದೆ. ಸತ್ತಿರಲಿಕ್ಕಿಲ್ಲ ಅನ್ನಿಸಿತು. ಗಾಳಿಯಿಂದ ಸಾರಜನಕ ಹಿಡಿಯಲು ಬಾರದ ಜಾತಿಗಳು ನೀರಿನಲ್ಲಿದ್ದದ್ದು ಮುಗಿದಾಗ ಹೀಗೆ ಮಾಡುತ್ತವೆ. ಬೆಳಕು ಹಿಡಿಯಲು ಕಟ್ಟಿಕೊಂಡಿದ್ದ ನೀಲಿ ಪ್ರೋಟೀನುಗಳ ದೊಡ್ಡ ಆಂಟೆನಾವನ್ನು ತಾವೇ ಬಿಚ್ಚಿ ತಿನ್ನುತ್ತವೆ, ಬರಗಾಲದಲ್ಲಿ ಹಗೇವಿನ ಜೋಳ ತೆಗೆದು ಉಂಡಹಾಗೆ. ಬಣ್ಣ ಹೋಗುತ್ತದೆ, ಜೀವ ಇರುತ್ತದೆ. ತಿಂಗಳುಗಟ್ಟಲೆ ಹಾಗೇ ಇರಬಲ್ಲವು. ಸಾರಜನಕ ಸಿಕ್ಕರೆ ಎಲ್ಲವನ್ನೂ ಮೊದಲಿಂದ ಕೂಡಿಸುತ್ತವೆ, ಲ್ಯಾಬಿನಲ್ಲಿ ಇದಕ್ಕೆ ಎರಡು ದಿನ ಸಾಕು. ಯೂರಿಯಾದ ನಾಲ್ಕೇ ನಾಲ್ಕು ಹರಳು ಹಾಕಿ ನೋಡು ಅಂದೆ. ಅಂಗಡಿ ಇನ್ನೂ ಮುಚ್ಚಿಲ್ಲವಾ ಅಂತ ಕೇಳಿದ್ದಕ್ಕೆ, “ಮುದ್ದೇಬಿಹಾಳದ ಮೋಟಾರ ಅದಲ್ಲ, ಎಲ್ಲಿ ಇಡ್ಲಿ?” ಎಂದ.

ನಾಲ್ಕು ದಿನದ ಮೇಲೆ ವಾಟ್ಸಾಪಿನಲ್ಲಿ ಫೋಟೋ ಬಂತು. ಆ ಮೋಟಾರಿನ ಮೇಲೆ ಬಾಟಲಿ, ಬಾಟಲಿಯ ತಳದಲ್ಲಿ ಹಸಿರು. ಕೆಳಗೆ ಅಪ್ಪನ ಧ್ವನಿಯ ಮೆಸೇಜು:

“ಹಸರ ಆಗ್ಯದ ನೋಡವಾ. ಆದ್ರ ಯೂರಿಯಾ ಎಷ್ಟು ದಿನಕ್ಕೊಮ್ಮೆ ಹಾಕಬೇಕು ಅಂತ ನೀ ಹೇಳೇ ಇಲ್ಲಲ್ಲ.”